ಕಲ್ಲಿಗೆ ಹಾಕುತ್ತಿದ್ದ ಹಿಡಿ ಅಕ್ಕಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಸಲ ಅವರ ವಿಷಯವನ್ನು ಊರಿಗೆಲ್ಲ ಹಂಚಿದವಳು ನಾನೇ. ಈಗ ಅವರು ತೀರಿಕೊಂಡ ಮೇಲೆ ಮತ್ತೆ ಹೆಸರು ಹಿಡಿದು ಬರೆಯುವುದಕ್ಕೆ ನನಗೆ ಮುಖವಿಲ್ಲ. ಒಂಟಿಕೊಪ್ಪಲಿನ ನಮ್ಮ ಬೀದಿಗಳಲ್ಲಿ ಎಲ್ಲರೂ ಅವರನ್ನು ಮಿಲ್ಲಮ್ಮ ಎಂದೇ ಕರೆಯುತ್ತಿದ್ದರು. ಹಿಟ್ಟಿನ ಮಿಲ್ಲು ನಡೆಸುತ್ತಿದ್ದರಲ್ಲ, ಅದಕ್ಕೆ. ನಾನೂ ಹಾಗೇ ಕರೆಯುತ್ತೇನೆ.

ನಾನು ಯಾರು ಅನ್ನುವುದನ್ನೂ ಹೇಳಿಬಿಡಬೇಕು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಕೊನೆಯ ಬೆಂಚಿಗೂ ಕೇಳಿಸಬೇಕೆಂದು ಎತ್ತರಿಸಿ ರೂಢಿಯಾದ ಗಂಟಲು. ನನಗೆ ನಿವೃತ್ತಿಯಾದರೂ ಅದಕ್ಕಾಗಲಿಲ್ಲ. ಬೀದಿಯಲ್ಲಿ ಯಾರ ಮನೆಯ ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೂ, ಯಾರ ಮನೆಯ ನಲ್ಲಿಯಲ್ಲಿ ಕೆಂಪು ನೀರು ಬಂದರೂ, ‘ಟೀಚರನ್ನ ಒಂದ್ ಮಾತು ಕೇಳಿ’ ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ನನಗೆ ಒಳಗೊಳಗೇ ಖುಷಿ. ಜಂಬ ಅಂದರೆ ಜಂಬವೇ, ಈಗ ಮುಚ್ಚಿಟ್ಟು ಏನಾಗಬೇಕು.

ಮಿಲ್ಲು ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ. ಒಂದು ಶೆಟರು, ಒಳಗೆ ಎರಡು ಯಂತ್ರ. ಒಂದು ಧಾನ್ಯಕ್ಕೆ, ಇನ್ನೊಂದು ಖಾರದಪುಡಿ, ಸಾರಿನಪುಡಿಗೆ. ಗಂಡ ಹೋದ ಮೇಲೆ ಮಿಲ್ಲಮ್ಮ ತಾವೇ ಬೆಲ್ಟು ಏರಿಸುತ್ತಿದ್ದರು, ಕಲ್ಲು ನುಣುಪಾದರೆ ತಾವೇ ಉಳಿ ಹಿಡಿದು ಕೂತು ಕುಟ್ಟುತ್ತಿದ್ದರು. ಹುಬ್ಬು, ರೆಪ್ಪೆ, ಕಿವಿಯ ಓಲೆಯ ಮೇಲೆಲ್ಲ ಹಿಟ್ಟು. ಮಧ್ಯಾಹ್ನ ಶೆಟರು ಅರ್ಧ ಎಳೆದು ಮುಖ ತೊಳೆದುಕೊಂಡಾಗಲೇ ಅವರು ಕಪ್ಪಗಿದ್ದಾರೆ ಅಂತ ಗೊತ್ತಾಗುತ್ತಿದ್ದದ್ದು.

ಬೆಳಿಗ್ಗೆ ಆರಕ್ಕೇ ಮಿಲ್ಲಿನ ಮುಂದೆ ಸಾಲು. ಜನರ ಸಾಲಲ್ಲ, ಡಬ್ಬಗಳ ಸಾಲು. ಡಬ್ಬ ಇಟ್ಟು ಹೋದರೆ ಆಯಿತು, ಅದು ನಮ್ಮ ಪರವಾಗಿ ನಿಂತಿರುತ್ತಿತ್ತು. ಹೆಬ್ಬಾಳದ ಕಡೆ ಫ್ಯಾಕ್ಟರಿಗೆ ಮೊದಲ ಶಿಫ್ಟಿಗೆ ಹೋಗುವ ಹೆಂಗಸರು ಬಸ್ಸಿಗೆ ಓಡುವ ಮುಂಚೆ ಡಬ್ಬ ಇಟ್ಟು, ಮಧ್ಯಾಹ್ನ ಬಸ್ಸಿಳಿದು ಹಿಟ್ಟು ಎತ್ತಿಕೊಂಡು ಹೋಗುವರು. ಯಾರ ಡಬ್ಬದ ಮೇಲೂ ಹೆಸರಿಲ್ಲ. ಮುಚ್ಚಳದ ತಗ್ಗು, ಹಿಡಿಯ ತುಕ್ಕು ನೋಡಿಯೇ ಯಾರದೆಂದು ಮಿಲ್ಲಮ್ಮ ಹೇಳುತ್ತಿದ್ದರು. ಒಂದು ದಿನ ನನಗೇ ಕೇಳಿಸುವ ಹಾಗೆ ಅಂದರು: “ನಿಮ್ ಡಬ್ಬ ನಿಮ್ಮಂಗೇಯ ಟೀಚರ್. ಮುಚ್ಚಳ ತೆಗುದ್ರೆ ಸದ್ದು ಜಾಸ್ತಿ.”

ಬೇರೆ ಯಾರಾದರೂ ಹಾಗಂದಿದ್ದರೆ ನಾನು ವಾರಗಟ್ಟಲೆ ಮಾತು ಬಿಡುತ್ತಿದ್ದೆ. ಮಿಲ್ಲಮ್ಮನ ಬಾಯಲ್ಲಿ ಅದು ನಗು ತರಿಸಿತು. ಅವರು ತಮಾಷೆ ಮಾಡುವಾಗಲೂ ಕೈ ಕೆಲಸದಲ್ಲೇ ಇರುತ್ತಿತ್ತು. ಹಿಟ್ಟು ಬೀಳುವ ಬಟ್ಟೆಯ ತೋಳನ್ನು ತಟ್ಟುವುದು, ಬಿದ್ದ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಉಜ್ಜಿ ನೋಡುವುದು, ಮತ್ತೆ ಕಲ್ಲು ಬಿಗಿ ಮಾಡುವುದು. ನೋಡಿ ಹೇಳುತ್ತಿರಲಿಲ್ಲ, ಮುಟ್ಟಿ ಹೇಳುತ್ತಿದ್ದರು. “ಇನ್ನೊಸಿ ನುಣ್ಗಾಗ್ಬೇಕು, ಈ ಯಮ್ಮನ್ ಮನೇಲಿ ಹಲ್ಲಿಲ್ದಿರೋ ಅತ್ತೆ ಅವ್ರೆ” ಅನ್ನುವರು.

ಮಿಲ್ಲು ಅಂದಮೇಲೆ ಸುದ್ದಿಗೆ ಬರವೇ? ಹಿಟ್ಟು ಬೀಸುವಷ್ಟು ಹೊತ್ತು ಹೆಂಗಸರು ಸುಮ್ಮನಿರುತ್ತಾರೆಯೇ? ಯಾರು ಏನು ತಂದರೂ ಮಿಲ್ಲಮ್ಮ ಕೇಳುತ್ತಿದ್ದದ್ದು ಒಂದೇ ಮಾತು: “ನೀವ್ ಕಂಡ್ರಾ, ಕೇಳುದ್ರಾ?” ಕೇಳಿದ್ದು ಅಂದರೆ, “ಅಂಗಾರೆ ಒಸಿ ತಡೀರಿ, ಕಂಡೋರು ಬರ್ಲಿ” ಅನ್ನುವರು. ಅಷ್ಟೇ. ವಾದ ಇಲ್ಲ, ಬೈಗುಳ ಇಲ್ಲ.

ಒಂದು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಚಿರತೆ ಬಂದು ಯಾರನ್ನೋ ಎಳೆದುಕೊಂಡು ಹೋಯಿತಂತೆ ಅಂತ ಸುದ್ದಿ. ನಮ್ಮ ಮೂಲೆಮನೆಯಾಕೆ ಮೊಬೈಲಿನಲ್ಲಿ ಬಂದದ್ದನ್ನು ನಡುಗುತ್ತ ಓದಿದರು. ಮರುದಿನ ಅವರ ಸೊಸೆ ಹರಕೆಗೆಂದು ಮೆಟ್ಟಿಲು ಹತ್ತುವುದಿತ್ತು. ಮಿಲ್ಲಮ್ಮ ಯಂತ್ರದ ಬಟ್ಟೆಯ ತೋಳು ತಟ್ಟುತ್ತಲೇ, “ಬೆಟ್ಟದ್ ಮೇಲೆ ಹೂ ಮಾರೋಳು ನಾಳೆ ರಾಗಿ ತತ್ತಾಳೆ, ಕೇಳಾನ ಬುಡಿ” ಅಂದರು. ಬೆಳಿಗ್ಗೆ ಹೂವಿನಾಕೆ ಬಂದಳು. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು: “ಚಿರ್ತೆ ಎಲ್ ಬಂತವ್ವ! ನಾಯಿ ಒಂದು ಕರೂನ ಅಟ್ಟುಸ್ಕೊಂಡೋಯ್ತು, ಜನ ದಿಕ್ಕಾಪಾಲಾಗಿ ಓಡುದ್ರು, ಅಷ್ಟೇಯ.” ಎಲ್ಲರೂ ಮೂಲೆಮನೆಯಾಕೆಯ ಕಡೆ ತಿರುಗಿ ನಕ್ಕೆವು. ನಾನಂತೂ ಎಲ್ಲರಿಗಿಂತ ಜೋರಾಗಿ ನಕ್ಕೆ. ಮಿಲ್ಲಮ್ಮ ಮಾತ್ರ ನಗಲಿಲ್ಲ. ಆಮೇಲೆ ನನ್ನ ಡಬ್ಬ ಎತ್ತಿಕೊಡುವಾಗ ಮೆಲ್ಲಗೆ ಅಂದರು: “ನಗ್ಬ್ಯಾಡಿ ಟೀಚರ್. ಹೆದ್ರುಕೊಂಡು ಹೇಳೋರ್ನ ನೋಡಿ ನಗ್ಬಾರ್ದು. ಮನೆಯೋರ್ ಮೇಲಿನ್ ಅಕ್ಕರೇಗೆ ಹೆದ್ರುಕೊತಾರೆ.”

ನನಗೆ ಅದು ಅತಿ ಅನ್ನಿಸಿತು. ಓದಿದವರಾದರೂ ಇಂಥದ್ದನ್ನೆಲ್ಲ ನಂಬುವುದು ಮೂರ್ಖತನ ಅಂತ ನನ್ನ ಖಡಾಖಂಡಿತ ಅಭಿಪ್ರಾಯವಾಗಿತ್ತು.

ಈಗ ನನ್ನ ಸರದಿಗೆ ಬರುತ್ತೇನೆ.

ಆ ವರ್ಷ ಬೇಸಿಗೆ ರಜಕ್ಕೆ ಮೊಮ್ಮಗಳು ಬಂದಿದ್ದಳು. ಐದು ವರ್ಷದ ಮಗು. ಎರಡು ದಿನ ಬಿಡದೆ ವಾಂತಿ. ಡಾಕ್ಟರು ಔಷಧಿ ಕೊಟ್ಟು ನೀರು ಕುಡಿಸಿ ಅಂದಿದ್ದರು. ಮಗುವಿನ ಪಕ್ಕ ಕೂತು ಮೊಬೈಲು ನೋಡುತ್ತಿದ್ದೆ. ಒಂದು ವಿಡಿಯೊ ಬಂತು. ಯಾರದೋ ಕೈ, ಮುಖವಿಲ್ಲ, ಚಪಾತಿ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ತೊಳೆಯುತ್ತಾ ತೊಳೆಯುತ್ತಾ ಹೋಗುತ್ತದೆ. ಕೊನೆಗೆ ಕೈಯಲ್ಲಿ ರಬ್ಬರಿನಂಥ ಒಂದು ಮುದ್ದೆ ಉಳಿಯುತ್ತದೆ. ಎಳೆದರೆ ಎಳೆಯುತ್ತೆ, ಬಿಟ್ಟರೆ ಕುಗ್ಗುತ್ತೆ. ಗೋಧಿ ಹಿಟ್ಟಿಗೆ ಪ್ಲಾಸ್ಟಿಕ್ ಬೆರೆಸುತ್ತಿದ್ದಾರೆ, ಮಕ್ಕಳ ಹೊಟ್ಟೆ ಹಾಳಾಗುತ್ತಿದೆ, ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ ಅಂತ ಕೆಳಗೆ ಬರೆದಿತ್ತು.

ನಾನು ವಿಜ್ಞಾನದ ಟೀಚರಲ್ಲವೇ. ಕೇಳಿದ್ದನ್ನು ನಂಬುವವಳಲ್ಲ. ಎದ್ದು ಹೋಗಿ ಪರೀಕ್ಷೆ ಮಾಡಿದೆ. ಮಿಲ್ಲಮ್ಮನ ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟನ್ನು ಕಲಸಿ, ನಲ್ಲಿಯ ಕೆಳಗೆ ಹಿಡಿದು ತೊಳೆದೆ. ರಬ್ಬರು ಬಂತು. ನನ್ನ ಅಂಗೈಯಲ್ಲಿ, ನನ್ನ ಕಣ್ಣೆದುರಿಗೆ. ಇದನ್ನೇ ತಾನೆ ನಾನು ಮಗುವಿಗೆ ಚಪಾತಿ ಮಾಡಿ ತಿನ್ನಿಸಿದ್ದು! ಗೋಧಿಯನ್ನು ಮೊರದಲ್ಲಿ ಹರಡಿ ಆರಿಸಿದವಳು ನಾನೇ, ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಅದು ಹೋದದ್ದು ಮಿಲ್ಲಿಗೆ ಮಾತ್ರ. ಆಗ ತಲೆಗೆ ಬಂತು, ಆ ಹಿಡಿ.

ಆ ಹಿಡಿಯ ವಿಷಯ ಹೇಳಬೇಕು. ಒಬ್ಬರ ಧಾನ್ಯ ಮುಗಿದು ಇನ್ನೊಬ್ಬರದನ್ನು ಸುರಿಯುವ ಮುಂಚೆ ಮಿಲ್ಲಮ್ಮ ಪಕ್ಕದಲ್ಲಿದ್ದ ಪುಟ್ಟ ಡಬ್ಬಕ್ಕೆ ಕೈ ಹಾಕಿ, ಒಂದು ಹಿಡಿ ಏನನ್ನೋ ಯಂತ್ರಕ್ಕೆ ಹಾಕುತ್ತಿದ್ದರು. ಅದರಿಂದ ಬಂದ ಹಿಟ್ಟು ಮೂಲೆಯ ಹಳೇ ಡಬ್ಬಕ್ಕೆ ಹೋಗುತ್ತಿತ್ತು. ಹದಿನೈದು ವರ್ಷ ಅದನ್ನು ನೋಡಿದ್ದೆ. ಅದೇನು ಅಂತ ಒಂದು ದಿನ ಬಾಯಿ ಬಿಟ್ಟು ಕೇಳಿರಲಿಲ್ಲ. ಆವತ್ತು, ಆ ರಬ್ಬರು ಹಿಡಿದುಕೊಂಡು ನಿಂತಾಗ, ಅದು ಏನೆಂದು ನನಗೆ ತಾನಾಗಿಯೇ ಗೊತ್ತಾಗಿಹೋಯಿತು.

ಬಡಾವಣೆಯ ಹೆಂಗಸರ ವಾಟ್ಸಾಪ್ ಗುಂಪಿಗೆ ಮಾತನಾಡಿ ಕಳಿಸಿದೆ. ನನ್ನ ತರಗತಿಯ ದನಿಯಲ್ಲೇ. “ನಾನೊಬ್ಬ ವಿಜ್ಞಾನದ ಟೀಚರ್. ಸುಮ್ಮನೆ ಯಾರೋ ಹೇಳಿದ್ದನ್ನ ಹೇಳ್ತಿಲ್ಲ. ನಾನೇ ಪ್ರಯೋಗ ಮಾಡಿ ನೋಡಿದೀನಿ. ನಮ್ಮ ಮಿಲ್ಲಿನ ಹಿಟ್ಟಲ್ಲಿ ಪ್ಲಾಸ್ಟಿಕ್ ಇದೆ. ನಮ್ಮ ಧಾನ್ಯ ಹಾಕೋ ಮುಂಚೆ ಒಂದು ಹಿಡಿ ಏನೋ ಹಾಕ್ತಾರೆ, ಕಣ್ಣಾರೆ ಕಂಡಿದೀನಿ. ಮಕ್ಕಳಿರೋ ಮನೆಯವರು ಹುಷಾರು.” ಅದರಲ್ಲಿ ನನ್ನ ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಗುಂಪಿನವರಿಗೆ ಗೊತ್ತಿತ್ತು. ಗುಂಪಿನಿಂದ ಆಚೆ ಹೋದ ಮೇಲೆ ಅದು ಬರೀ ‘ಯಾರೋ ಒಬ್ಬ ಟೀಚರ್’ ಆಯಿತು.

ಗಡಿಯಾರ ನೋಡಿಕೊಂಡಿದ್ದೆ, ಬೆಳಿಗ್ಗೆ ಹನ್ನೊಂದು ಗಂಟೆ. ಮಧ್ಯಾಹ್ನ ಊಟದ ಹೊತ್ತಿಗೆ ಜಯಲಕ್ಷ್ಮೀಪುರದ ನನ್ನ ನಾದಿನಿಯಿಂದ ಅದೇ ದನಿ ನನಗೇ ವಾಪಸ್ಸು ಬಂತು. “ಅತ್ತಿಗೆ, ನಿಮ್ಮ ಕಡೆಯದಂತೆ, ಕೇಳಿ” ಅಂತ. ಅವಳಿಗೆ ನನ್ನ ದನಿಯ ಗುರುತು ಸಿಕ್ಕಿರಲಿಲ್ಲ. ಎಷ್ಟೋ ಮೊಬೈಲು ದಾಟಿ ಬಂದದ್ದನ್ನು ಅವಳು ಕೇಳದೆಯೇ ಮುಂದೆ ತಳ್ಳಿದ್ದಳು. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಯಿತು.

ಒಂದು ವಾರದಲ್ಲಿ ಡಬ್ಬಗಳ ಸಾಲು ಸವೆದುಹೋಯಿತು. ಶೆಟರಿನಿಂದ ಹೊಂಗೆಮರದವರೆಗೆ ಇರುತ್ತಿದ್ದದ್ದು ಎರಡು ಮೆಟ್ಟಿಲಿಗೆ ಬಂತು. ಶಿಫ್ಟಿನ ಹೆಂಗಸರು ಪ್ಯಾಕೆಟ್ ಹಿಟ್ಟು ಹಿಡಿದುಕೊಂಡು ಮಿಲ್ಲಿನ ಮುಂದೆಯೇ ಮುಖ ಆ ಕಡೆ ಮಾಡಿ ನಡೆದರು. ಅಷ್ಟರಲ್ಲಿ ಮೊಮ್ಮಗಳು ಚೇತರಿಸಿಕೊಂಡು, ಪಕ್ಕದ ಮನೆಯ ಮಕ್ಕಳ ಜೊತೆ ಸೇರಿ ಬುಟ್ಟಿಗಟ್ಟಲೆ ಹಸಿ ಮಾವಿನಕಾಯಿ ತಿಂದದ್ದನ್ನು ತಾನೇ ಒಪ್ಪಿಕೊಂಡಿದ್ದಳು. ಅದನ್ನು ಕೇಳಿಯೂ ನಾನು ಸುಮ್ಮನಿದ್ದೆ. ಮಾವಿನಕಾಯಿ ಬೇರೆ, ರಬ್ಬರು ಬೇರೆ ಅಂತ ನನಗೆ ನಾನೇ ಹೇಳಿಕೊಂಡೆ.

ಹತ್ತನೇ ದಿನವೋ ಏನೋ, ಬೆಳಿಗ್ಗೆ ಮಿಲ್ಲಮ್ಮ ನಮ್ಮ ಮನೆಗೇ ಬಂದರು. ಮೊದಲ ಸಲ. ಹಿಟ್ಟಿಲ್ಲದ ಮುಖ, ಇಸ್ತ್ರಿ ಮಾಡಿದ ಸೀರೆ. ಕೂತುಕೊಳ್ಳಿ ಅಂದರೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ತುದಿಯಲ್ಲಿ ಕೂತರು. ಸೆರಗಿನ ಗಂಟು ಬಿಚ್ಚಿ ಒಂದಷ್ಟು ಗೋಧಿ ಕಾಳು ತೆಗೆದು ನನ್ನ ಅಂಗೈಗೆ ಹಾಕಿದರು.

“ಅಗೀರಿ ಟೀಚರ್. ನುಂಗ್ಬ್ಯಾಡಿ, ಅಗೀತಾನೇ ಇರಿ.”

ಅಗಿದೆ. ಮೊದಲು ಹಾಲು ಹಾಲು, ಆಮೇಲೆ ಬಾಯಲ್ಲಿ ಒಂದು ಅಂಟು ಮುದ್ದೆ ಉಳಿಯಿತು.

“ಚಿಕ್ಕೋರಿದ್ದಾಗ ಮಾಡ್ಕೊತಿರ್ನಿಲ್ವಾ? ನಮ್ಮೂರಲ್ಲಿ ಬಬಲ್‌ಗಮ್ಮು ಅಂದ್ರೆ ಇದೇಯ. ಇದು ಗೋಧಿ ಗುಣ ಟೀಚರ್. ಇದಿಲ್ದಿದ್ರೆ ಚಪಾತಿ ಎಲ್ ಬಂದದು? ರಾಗೀಲಿ ಇಲ್ಲ, ಅದ್ಕೇ ರಾಗಿ ರೊಟ್ಟಿ ಲಟ್ಟಿಸ್ದ್ರೆ ಒಡ್ಕೊತದೆ.”

ಎಂಟನೇ ಕ್ಲಾಸಿಗೆ ಪ್ರತಿ ವರ್ಷ ನಾನು ಮಾಡಿಸುತ್ತಿದ್ದ ಪ್ರಯೋಗ! ಹಿಟ್ಟಿನ ಉಂಡೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡುವುದು, ಬೆಳ್ಳಗಾದ ನೀರಿಗೆ ಅಯೋಡಿನ್ ತೊಟ್ಟು ಹಾಕುವುದು, ನೀಲಿಯಾದರೆ ಪಿಷ್ಟ ಇದೆ ಅಂತ ಬರೆದುಕೊಳ್ಳುವುದು. ನೀಲಿ ಬಂದ ಕೂಡಲೇ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಪರೀಕ್ಷೆಗೆ ಬರುತ್ತಿದ್ದದ್ದೂ ಆ ನೀಲಿಯೇ. ಬಟ್ಟೆಯಲ್ಲಿ ಉಳಿದ ಮುದ್ದೆ ಗೋಧಿಯ ಪ್ರೋಟೀನು ಅಂತ ಪುಸ್ತಕದಲ್ಲಿ ಒಂದು ಸಾಲು ಇತ್ತು, ನಾನೇ ಓದಿ ಹೇಳುತ್ತಿದ್ದೆ. ಹೇಳಿ, ಬಟ್ಟೆಯನ್ನು ಕಸದ ಬುಟ್ಟಿಗೆ ಕೊಡವಿಸುತ್ತಿದ್ದೆ. ಮೂವತ್ತು ವರ್ಷ ಕೊಡವಿಸಿದೆ. ಒಂದು ಸಲವೂ ಕೈಯಲ್ಲಿ ಹಿಡಿದು ಎಳೆದು ನೋಡಿರಲಿಲ್ಲ.

“ಮತ್ತೆ... ಆ ಹಿಡಿ?” ಅಂದೆ.

“ಅದಾ? ಅಕ್ಕಿ ಕಣ್ರಿ ಟೀಚರ್. ಕಲ್ಲು ತೊಳ್ಯಕೆ. ಹಿಂದುಗಡೆಯೋರ ಹಿಟ್ಟು ಕಲ್ಲಲ್ಲಿ ಕುಂತಿರ್ತದಲ್ಲ, ಅದು ನಿಮ್ದುಕ್ಕೆ ಸೇರ್ಬಾರ್ದು. ಒಬ್ರು ಉಪಾಸ ಇರ್ತಾರೆ, ಒಬ್ರಿಗೆ ರಾಗಿ ಆಗಾಕಿಲ್ಲ. ನೀರಾಕಿ ತೊಳ್ಯಕಾದದಾ ಕಲ್ಲ? ನಮ್ಮನೆ ಅಕ್ಕಿ ಒಂದಿಡಿ ಆಕುದ್ರೆ ಎಲ್ಲ ಎತ್ಕೊಂಡ್ ಬತ್ತದೆ. ಆ ಹಿಟ್ಟ ರಂಗೋಲಿಗೆ ಕೊಡ್ತೀನಿ.”

ಆ ರಂಗೋಲಿ ಹಿಟ್ಟನ್ನು ಹಬ್ಬದ ದಿನಗಳಲ್ಲಿ ನಾನೂ ಇಸಿದುಕೊಂಡಿದ್ದೆ.

“ಯಾರೋ ಒಬ್ರು ಟೀಚರಂತೆ, ಮೊಬೈಲಲ್ಲಿ ಮಾತಾಡಿ ಕಳ್ಸವ್ರೆ,” ಅಂದರು ಮಿಲ್ಲಮ್ಮ, ನೆಲ ನೋಡುತ್ತಾ. “ನಾನ್ ಹೇಳುದ್ರೆ ಯಾರ್ ನಂಬ್ತಾರೆ, ಮಿಲ್ಲಿನೋಳು ಮಿಲ್ಲಿನ ಪರ ಹೇಳ್ತಾಳೆ ಅಂತಾರೆ. ನೀವೂ ಟೀಚರ್ರು. ಭಾನುವಾರ ಹತ್ತು ಗಂಟೆಗೆ ಎಲ್ಲಾರ್ನೂ ಕರೀತೀನಿ. ಬೇಸನ್ನು, ಬಟ್ಟೆ ಎಲ್ಲ ಮಡಗಿರ್ತೀನಿ. ನಿಮ್ ಕೈಲೇ ತೊಳ್ದು, ಇದು ಗೋಧಿ ಗುಣ ಅಂತ ಒಂದ್ ಮಾತು ಹೇಳ್ಬುಡಿ. ನೀವ್ ಹೇಳುದ್ರೆ ಮುಗೀತು. ಮಿಲ್ಲು ಉಳೀತದೆ.”

ಬಾಯಲ್ಲಿದ್ದ ಅಂಟನ್ನು ಉಗುಳಿ, ‘ಆ ಟೀಚರು ನಾನೇ’ ಅನ್ನುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಉಗುಳಲಿಲ್ಲ. “ಬರ್ತೀನಿ ಮಿಲ್ಲಮ್ಮ, ಖಂಡಿತ ಬರ್ತೀನಿ” ಅಂದೆ. ಕಾಫಿ ಕೊಟ್ಟು ಕಳಿಸಿದೆ.

ಭಾನುವಾರದವರೆಗೆ ನನಗೆ ಇದ್ದ ಯೋಚನೆ ಒಂದೇ. ಅಲ್ಲಿ ನಿಂತು ನಾನು ಬಾಯಿ ತೆರೆದರೆ, ಗುಂಪಿನ ಆಚೆ ಮೊಬೈಲಿನಲ್ಲಿ ಆ ದನಿ ಕೇಳಿದವರಿಗೂ ಗೊತ್ತಾಗಿಬಿಡುತ್ತದೆ. ಶಿಫ್ಟಿನ ಹೆಂಗಸರಿಗೆ, ಹೂವಿನವಳಿಗೆ, ಬೀದಿಯ ಹಳೇ ವಿದ್ಯಾರ್ಥಿಗಳಿಗೆ. ಪಾಠ ಮಾಡುತ್ತಿದ್ದ ಟೀಚರಿಗೆ ತಾನು ಮಾಡಿದ ಪಾಠವೇ ಗೊತ್ತಿರಲಿಲ್ಲವಂತೆ ಅಂತ ಆಡಿಕೊಳ್ಳುತ್ತಾರೆ. ಮಿಲ್ಲಮ್ಮನ ಮಿಲ್ಲು ಒಂದು ಕಡೆ, ನನ್ನ ಜಂಬ ಒಂದು ಕಡೆ. ನನಗೆ ಜಂಬವೇ ಹೆಚ್ಚಾಯಿತು. ಥೂ, ಬರೆಯುವಾಗಲೂ ಕೈ ಹಿಂಜರಿಯುತ್ತದೆ.

ಭಾನುವಾರ ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಮಿಲ್ಲಮ್ಮನ ಮಗಳ ಮೊಬೈಲಿಗೆ ಫೋನು ಮಾಡಿದೆ. “ಮಂಡಿ ಹಿಡ್ಕೊಂಡ್ಬಿಟ್ಟಿದೆ ಕಣಮ್ಮ, ಎದ್ದು ನಿಲ್ಲೋಕೇ ಆಗ್ತಿಲ್ಲ. ಅಮ್ಮನಿಗೆ ಹೇಳ್ಬಿಡು” ಅಂದೆ. ಹಾಗೆ ಹೇಳುವಾಗ ನಾನು ಅಡುಗೆಮನೆಯಲ್ಲಿ ತುದಿಗಾಲಿನ ಮೇಲೆ ನಿಂತು ಮೇಲಿನ ಶೆಲ್ಫಿನಿಂದ ಬೇಳೆಯ ಡಬ್ಬ ತೆಗೆಯುತ್ತಿದ್ದೆ.

ಅಲ್ಲಿ ನಡೆದದ್ದನ್ನು ಮೂಲೆಮನೆಯಾಕೆ ಬಂದು ಹೇಳಿದರು. ಮೂವತ್ತು ಮಂದಿಯಾದರೂ ಸೇರಿದ್ದರಂತೆ. ಟೀಚರು ಬರುವುದಿಲ್ಲ ಅಂತ ಗೊತ್ತಾದಾಗ ಗುಸುಗುಸು ಶುರುವಾಯಿತಂತೆ. ಮಿಲ್ಲಮ್ಮ ತಾವೇ ಬೇಸನ್ನಿನ ಮುಂದೆ ಕೂತು ಹಿಟ್ಟಿನ ಉಂಡೆ ತೊಳೆದರಂತೆ. ಅವರ ಮಿಲ್ಲಿನ ಮುಂದೆ, ಅವರದೇ ಕೈಯಲ್ಲಿ, ಎಲ್ಲರ ಎದುರಿಗೆ ರಬ್ಬರು ಬಂತು. “ಇದು ಗೋಧಿ ಗುಣ ಕಣ್ರವ್ವ” ಅಂತ ಅವರು ಹೇಳುತ್ತಲೇ ಇದ್ದರಂತೆ. ಯಾರು ಕೇಳುತ್ತಾರೆ? ಅಷ್ಟರಲ್ಲಿ ಯಾರೋ ಅದನ್ನು ವಿಡಿಯೊ ಮಾಡಿಕೊಂಡಾಗಿತ್ತು. “ನೀವು ಬಂದಿದ್ರೆ ಚೆನ್ನಾಗಿತ್ತು ಟೀಚರ್,” ಅಂದರು ಮೂಲೆಮನೆಯಾಕೆ, “ಟೀಚರೇ ಬರ್ಲಿಲ್ಲ ಅಂದ್ರೆ ಏನೋ ಇರ್ಬೇಕು ಅಂತ ಜನ ಮಾತಾಡ್ಕೊಂಡು ಹೋದ್ರು.”

ಅದೇ ದಿನ ಸಂಜೆ ಗುಂಪಿಗೆ ಒಂದು ಸಂದೇಶ ಹಾಕಿದೆ. ಈ ಸಲ ದನಿಯಲ್ಲಿ ಅಲ್ಲ, ಬರವಣಿಗೆಯಲ್ಲಿ. ‘ಗೋಧಿ ಹಿಟ್ಟಿನ ಬಗ್ಗೆ ಆತಂಕ ಬೇಡ, ಅಂಟಿನ ಅಂಶ ಸಹಜ ಎಂದು ತಜ್ಞರು ತಿಳಿಸಿದ್ದಾರೆ.’ ತಜ್ಞರು! ‘ನಾನು ತಪ್ಪು ಹೇಳಿದ್ದೆ’ ಅನ್ನುವ ಮೂರು ಪದ ಬರೆದು, ಅಳಿಸಿ, ಅದರ ಜಾಗಕ್ಕೆ ತಜ್ಞರನ್ನು ಕೂರಿಸಿದೆ. ನಾಲ್ಕು ಜನ ಕೈಮುಗಿದ ಚಿತ್ರ ಹಾಕಿದರು. ಬೆಳಗಾಗುವಷ್ಟರಲ್ಲಿ ಶುಭೋದಯದ ಗುಲಾಬಿಗಳ ಕೆಳಗೆ ಅದು ಹೂತುಹೋಯಿತು. ನನ್ನ ದನಿ ಮಾತ್ರ ಓಡಾಡುತ್ತಲೇ ಇತ್ತು.

ಮರುದಿನ ಬಾಗಿಲು ತಟ್ಟಿದ ಸದ್ದು. ಕಿಟಕಿಯಿಂದ ನೋಡಿದರೆ ಮಿಲ್ಲಮ್ಮನ ಮಗಳು. ಬಾಗಿಲವರೆಗೆ ನಾನು ಕುಂಟಿಕೊಂಡು ಹೋದೆ. ಹೌದು, ಗೋಡೆ ಹಿಡಿದುಕೊಂಡು ಕುಂಟಿದೆ. ಅವಳು ಬಿಳಿ ಬಟ್ಟೆಯ ಒಂದು ಗಂಟು ಕೊಟ್ಟಳು.

“ಗೋಧಿ ಬೂಸ ಟೀಚರ್. ಜರಡಿ ಹಿಡ್ದು ಕೊಟ್ಟವ್ಳೆ ನಮ್ಮವ್ವ. ಬಾಣ್ಲೀಲಿ ಬಿಸಿ ಮಾಡಿ, ಬಟ್ಟೇಲಿ ಕಟ್ಕೊಂಡು ಮಂಡಿಗೆ ಶಾಖ ಕೊಟ್ಕೊಬೇಕಂತೆ. ದಿನಾ ಎರಡ್ ಹೊತ್ತು. ನೋವಿರೋವಾಗ ಕರ್ದು ತೊಂದ್ರೆ ಕೊಟ್ಬುಟ್ಟೆ ಅಂತ ನೊಂದ್ಕೊತಾಳೆ.”

ಗಂಟನ್ನು ಇಸಿದುಕೊಂಡೆ. ಅದರ ಬಾಯಿ ಬಿಚ್ಚಲಿಲ್ಲ. ಆ ಮೇಲೆ ಒಂದು ತಿಂಗಳು ಆ ಕ್ರಾಸಿನಲ್ಲಿ ನಡೆಯುವಾಗೆಲ್ಲ ನನಗೆ ಕುಂಟುವ ಶಿಕ್ಷೆ. ಒಮ್ಮೆ ಮರೆತು ಸರಿಯಾಗಿ ನಡೆದುಬಿಟ್ಟೆ, ಮಿಲ್ಲಿನೊಳಗಿಂದ ಮಿಲ್ಲಮ್ಮ ಕೂಗಿದರು: “ಶಾಖ ಇಡೀತಾ ಟೀಚರ್? ನಡ್ಗೆ ಚೆಂದಾಗದೆ ಇವತ್ತು!” ಅವರ ಮುಂದೆ ಎರಡೇ ಎರಡು ಡಬ್ಬಗಳಿದ್ದವು.

ಮಿಲ್ಲು ಒಂದು ವರ್ಷ ಹೇಗೋ ಉಸಿರಾಡಿತು. ಆಮೇಲೆ ಯಂತ್ರಗಳನ್ನು ಯಾರೋ ಬಿಚ್ಚಿಕೊಂಡು ಹೋದರು. ಆ ಶೆಟರಿನಲ್ಲಿ ಈಗ ಮೊಬೈಲು ರಿಪೇರಿ ಅಂಗಡಿ ಇದೆ. ಮಿಲ್ಲಮ್ಮ ಮಗಳ ಜೊತೆ ಹೆಬ್ಬಾಳದ ಕಡೆ ಮನೆ ಮಾಡಿದರು. ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿದ್ದರಂತೆ. ಒಮ್ಮೆ ಬಸ್ಸಿನಲ್ಲಿ ಸಿಕ್ಕರು. ನನ್ನನ್ನು ಕಂಡವರೇ ಎದ್ದು ನಿಂತರು. “ಕುಂತ್ಕಳಿ ಟೀಚರ್, ಮಂಡಿ ನೋವಿರೋರು ನಿಂತ್ಕಬಾರ್ದು” ಅಂದರು. ದಿನವಿಡೀ ನಿಂತು ಕೆಲಸ ಮಾಡಿ ವಾಪಸ್ಸಾಗುತ್ತಿದ್ದವರು ಅವರು. ನಾನು ಕೂತೆ. ಅವರು ಕಂಬಿ ಹಿಡಿದು ನಿಂತರು. ಅವರ ಹುಬ್ಬಿನ ಮೇಲೆ ಆವತ್ತೂ ಸ್ವಲ್ಪ ಹಿಟ್ಟಿತ್ತು. ನನ್ನ ಸ್ಟಾಪು ಬರುವವರೆಗೆ ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಈಗ ಹದಿನೈದು ದಿನದ ಕೆಳಗೆ ಅವರು ಹೋದರು ಅಂತ ತಿಳಿಯಿತು. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಹನ್ನೊಂದನೇ ದಿನದ ಕಾರ್ಯಕ್ಕೆ ಮೂಲೆಮನೆಯಾಕೆ ಮತ್ತು ನಾನು ಆಟೋದಲ್ಲಿ ಹೋದೆವು. ಮನೆಯ ಮುಂದೆ ಶಾಮಿಯಾನ, ಒಳಗೆ ಮಾಲೆ ಹಾಕಿದ ಪಟ. ಪಟದಲ್ಲಿ ಮಿಲ್ಲಮ್ಮ ಮುಖ ತೊಳೆದುಕೊಂಡಿದ್ದರು, ನನಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಎಲೆ ಹಾಕಿದ್ದರು. ಎಲ್ಲರೂ ಸಾಲಾಗಿ ಕೂರುತ್ತಿದ್ದರು. ಹಳೇ ಶಿಫ್ಟಿನ ಹೆಂಗಸರು, ಬೆಟ್ಟದ ಹೂವಿನಾಕೆ, ನಮ್ಮ ಬೀದಿಯ ಮೂರು ನಾಲ್ಕು ಮುಖಗಳು.

ನಾನು ಬಗ್ಗಿ ಕೂರಲು ಹೋದೆ. ಮಗಳು ಓಡಿ ಬಂದಳು. “ಬ್ಯಾಡಿ ಬ್ಯಾಡಿ ಟೀಚರ್, ತಡೀರಿ” ಅಂತ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ, ಮುಂದೊಂದು ಸ್ಟೂಲು ತಂದಿಟ್ಟು, ಅದರ ಮೇಲೆ ಎಲೆ ಹಾಸಿದಳು. “ಟೀಚರ್ ಎಲ್ ಕಂಡ್ರೂ ಕುರ್ಚಿ ಕೊಡು, ಅವ್ರಿಗೆ ಮಂಡಿ ನೋವು ಅಂತ ನಮ್ಮವ್ವ ಯಾವಾಗ್ಲೂ ಹೇಳೋಳು” ಅಂದಳು.

ಕೂತೆ. ಎಲ್ಲರೂ ಕೆಳಗೆ, ನಾನೊಬ್ಬಳು ಮೇಲೆ. ಪಟ ನನ್ನ ಎದುರಿಗೇ ಇತ್ತು. ಪಾಯಸದ ತೊಟ್ಟು ಎಲೆಗೆ ಬಿತ್ತು, ಕೋಸಂಬರಿ ಬಿತ್ತು. ನನಗೆ ಆ ಕುರ್ಚಿಯ ಮೇಲೆ ಕೂತಿರಲು ಆಗಲಿಲ್ಲ. ಎದ್ದೆ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹೂವಿನಾಕೆಯ ಪಕ್ಕ ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ಮಂಡಿ ಸಲೀಸಾಗಿ ಮಡಚಿಕೊಂಡವು.

“ಅಯ್ಯೋ ಟೀಚರ್, ಮಂಡಿ!” ಅಂದಳು ಮಗಳು.

“ಮಂಡಿಗೇನೂ ಆಗಿಲ್ಲ ಕಣಮ್ಮ,” ಅಂದೆ. “ಆವತ್ತು ಭಾನುವಾರಾನೂ ಏನೂ ಆಗಿರ್ಲಿಲ್ಲ. ಬರೋಕೆ ಹೆದರಿ ಸುಳ್ಳು ಹೇಳ್ದೆ. ಮಿಲ್ಲಿನ ಹಿಟ್ಟಲ್ಲಿ ಪ್ಲಾಸ್ಟಿಕ್ ಇದೆ ಅಂತ ಮೊಬೈಲಲ್ಲಿ ಹೇಳಿದ ದನೀನೂ ನಂದೇ. ಅದೂ ಸುಳ್ಳು. ನಿಮ್ಮಮ್ಮನ ಹಿಟ್ಟಲ್ಲಿ ಏನೂ ಇರ್ಲಿಲ್ಲ.”

ತರಗತಿಯ ದನಿ. ಸಾಲಿನ ಕೊನೆಯ ಎಲೆಯವರೆಗೂ ಕೇಳಿಸಿತು. ಬಡಿಸುತ್ತಿದ್ದ ಕೈಗಳು ನಿಂತವು. ಹೂವಿನಾಕೆ ನನ್ನಿಂದ ಸ್ವಲ್ಪ ಆಚೆ ಸರಿದು ಕೂತಳು. ಮೂಲೆಮನೆಯಾಕೆ ತಲೆ ತಗ್ಗಿಸಿದರು.

ಮಗಳು ಉಪ್ಪಿನ ಬಟ್ಟಲು ಹಿಡಿದುಕೊಂಡು ನನ್ನ ಎದುರಿಗೆ ನಿಂತಿದ್ದಳು. ಬೈಯಲಿ ಅಂತ ಕಾದೆ. ಎಲೆ ಎತ್ತಿ ಎಸೆದಿದ್ದರೂ ಸರಿ ಅನ್ನಿಸುತ್ತಿತ್ತು. ಅವಳು ದನಿ ಎತ್ತಲಿಲ್ಲ.

“ದನಿ ನಿಮ್ದು ಅಂತ ನಮ್ಮವ್ವಂಗೆ ಮೊದಲ್ನೇ ದಿನಾನೇ ಗೊತ್ತಿತ್ತು ಟೀಚರ್,” ಅಂದಳು. “ನಾನೇ ಮೊಬೈಲಲ್ಲಿ ಕೇಳ್ಸಿದ್ದೆ. ‘ಮಗೀಗೆ ಉಸಾರಿಲ್ವಂತೆ, ಹೆದ್ರುಕೊಂಡು ಹೇಳವ್ರೆ, ಅವ್ರೇ ಬಂದು ಸರಿ ಮಾಡ್ತಾರೆ ಬುಡು’ ಅಂದಿದ್ಲು. ಮಂಡಿ ನೋವು ಮಾತ್ರ ನಿಜ ಅಂತ ನಂಬ್ಕೊಂಡಿದ್ಲು.”

ಆಮೇಲೆ ಬಗ್ಗಿ ನನ್ನ ಎಲೆಯ ತುದಿಗೆ ಉಪ್ಪು ಬಡಿಸಿ, ಮುಂದಿನ ಎಲೆಗೆ ಹೋದಳು.